ನಷ್ಟ ತಿನ್ನುವ ವಿದ್ಯೆ

ಶಾಂಘೈಯ ಫುಶಿಂಗ್ ಪಾರ್ಕಿನಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಜೊತೆಯಾಗಿ ನಿಂತಿರುವ ದೊಡ್ಡ ಪ್ರತಿಮೆಯಿದೆ. 1985ರಿಂದಲೂ ಅಲ್ಲೇ ಇದ್ದಾರೆ. ಜಗತ್ತಿನ ಅದೆಷ್ಟೋ ಹೋರಾಟಗಳಿಗೆ ಕಿಡಿ ಹಚ್ಚಿದ ಆ ಇಬ್ಬರು ಗಡ್ಡದವರು ನೋಡನೋಡುತ್ತಿದ್ದಂತೆಯೇ ಒಂದು ಬೆಳಿಗ್ಗೆ ನಾನು ಒಬ್ಬ ಅಜ್ಜಿಯ ಕೈಯಲ್ಲಿ ಹನ್ನೊಂದು ಸಲ ನೆಲಕ್ಕೆ ಬಿದ್ದೆ. ಹನ್ನೆರಡನೆಯ ಸಲ ಅವರು ಮುಟ್ಟುವ ಮೊದಲೇ ಬಿದ್ದಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಜ್ಜಿ ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ವಯಸ್ಸು 70 ದಾಟಿದೆ, ತೂಕ 45 ಕೆಜಿ ದಾಟಿಲ್ಲ. ನಾನು ತಿಪಟೂರು ಕಡೆಯವನು, 46 ವರ್ಷ, 88 ಕೆಜಿ. ಕಂಪನಿ ಕೆಲಸದ ಮೇಲೆ ಎರಡು ವರ್ಷಕ್ಕೆಂದು ಶಾಂಘೈಗೆ ಹೋದವನು. ಹೋಗುವಾಗಲೇ ಒಂದು ಸಂಕಲ್ಪ ಮಾಡಿಕೊಂಡಿದ್ದೆ. ಚೀನಾಕ್ಕೆ ಹೋದವನು ಬರಿಗೈಯಲ್ಲಿ ಬರಬಾರದು, ಬರಿಗೈಯಲ್ಲೇ ನಾಲ್ಕು ಜನಕ್ಕೆ ಬಾರಿಸುವಂತಾಗಿ ಬರಬೇಕು. ನಮ್ಮೂರಿನ ಕಟಿಂಗ್ ಶಾಪಿನ ಗೋಡೆಯಲ್ಲಿ ಬ್ರೂಸ್ ಲೀ ಫೋಟೋ ಇತ್ತು. ಎಡಕ್ಕೆ ಲಕ್ಷ್ಮಿ, ಬಲಕ್ಕೆ ಕನ್ನಡಿ, ನಡುವೆ ಅಂಗಿಯಿಲ್ಲದ ಬ್ರೂಸ್ ಲೀ. ತಲೆ ಬಗ್ಗಿಸಿ ಕೂತು ಮಷೀನಿನ ಕಚಗುಳಿ ತಡೆದುಕೊಂಡ ಆ ವರ್ಷಗಳಲ್ಲೇ ಬೀಜ ಬಿದ್ದಿತ್ತು. ಮೊಳಕೆಯೊಡೆಯಲು 35 ವರ್ಷ ಬೇಕಾಯಿತು, ಅಷ್ಟು ಹೊತ್ತಿಗೆ ಹೊಟ್ಟೆಯೂ ಬೆಳೆದಿತ್ತು.

ಆಫೀಸಿನ ಸಹೋದ್ಯೋಗಿ ಹುಡುಗಿಯೊಬ್ಬಳಿಗೆ ಕುಂಗ್‌ಫು ಕಲಿಯಬೇಕು ಎಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಡುವೆ ಸ್ವಲ್ಪ ಹೆಚ್ಚು ಹೊತ್ತು ನಿಂತು, "ತೈಚಿ ಕಲಿಯಿರಿ" ಎಂದಳು. ಅವಳ ಅಮ್ಮ ಹೋಗುವ ಗುಂಪೊಂದು ಫುಶಿಂಗ್ ಪಾರ್ಕಿನಲ್ಲಿದೆಯಂತೆ, ಆ ಅಜ್ಜಿಯೇ ಅದರ ಗುರು. ತೈಚಿ ಎಂದರೆ ಮುದುಕರು ಗಾಳಿ ಸವರುವುದಲ್ಲವೇ ಎಂದೆ. ಪೂರ್ತಿ ಹೆಸರು ತೈಜಿಚ್ವಾನ್, ಕೊನೆಯ 'ಚ್ವಾನ್' ಎಂದರೆ ಮುಷ್ಟಿ ಎಂದಳು. ಮುಷ್ಟಿ ಎಂದ ಕೂಡಲೇ ಒಪ್ಪಿಕೊಂಡೆ.

ಆಮೇಲೆ ಓದಿ ನೋಡಿದರೆ ವಿದ್ಯೆಯ ವಂಶಾವಳಿಯೇನೂ ಸಣ್ಣದಲ್ಲ. ವೂಡಾಂಗ್ ಬೆಟ್ಟದ ಝಾಂಗ್ ಸಾನ್‌ಫೆಂಗ್ ಎಂಬ ಸನ್ಯಾಸಿ, ಹಾವು ಮತ್ತು ಕೊಕ್ಕರೆಯ ಜಗಳ ನೋಡಿ ಇದನ್ನು ಕಂಡುಹಿಡಿದ ಎಂಬುದು ಕತೆ. ಇತಿಹಾಸದವರು ಕೈ ತೋರಿಸುವುದು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೋ ಎಂಬ ಹಳ್ಳಿಯ ಕಡೆಗೆ, 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಎಂಬಾತನ ಕಡೆಗೆ. ಆ ಮನೆತನದಲ್ಲಿ ಕಲಿತ ಯಾಂಗ್ ಲುಚಾನ್ (1799–1872) ಬೀಜಿಂಗಿಗೆ ಹೋಗಿ 'ಸೋಲಿಲ್ಲದ ಯಾಂಗ್' ಎಂದು ಹೆಸರಾದ. 2020ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೂ ಸೇರಿಸಿತು. ನಾನು ಸೇರಿದ್ದು ಅದಾದ ಮೇಲೆ. ಮೊದಲೇ ಸೇರಿದ್ದರೆ ಪಟ್ಟಿಯ ವಿಷಯ ಹೇಳಲಾರೆ.

ಮೊದಲ ದಿನವೇ ಎಡವಟ್ಟು. ಸಿನಿಮಾದಲ್ಲಿ ಕಂಡಂತೆ ಮುಷ್ಟಿಗೆ ಅಂಗೈ ಹಚ್ಚಿ, ಸೊಂಟ ಬಗ್ಗಿಸಿ, ಎಲ್ಲರಿಗೂ ಒಂದು ನಮಸ್ಕಾರ ಹಾಕಿದೆ. ಇಪ್ಪತ್ತು ಜನ ಗಪ್ಪಾದರು. ಒಬ್ಬ ತಾತ ಟೋಪಿ ತೆಗೆದರು. ಗಂಡಸರು ಬಲಗೈ ಮುಷ್ಟಿ ಮಾಡಿ ಎಡಗೈಯಿಂದ ಮುಚ್ಚಬೇಕಂತೆ. ತಿರುವುಮುರುವಾಗಿ ಮಾಡಿದರೆ ಅದು ಸಾವಿನ ಮನೆಯ ರೀತಿ. ಅಂದರೆ ಆರೋಗ್ಯ ಕಾಪಾಡಿಕೊಳ್ಳಲು ಬೆಳಿಗ್ಗೆ ಆರೂವರೆಗೆ ಎದ್ದು ಬಂದಿದ್ದ ಇಪ್ಪತ್ತು ಮಂದಿ ಹಿರಿಯರಿಗೆ ನಾನು ಸಾಮೂಹಿಕವಾಗಿ ಸಂತಾಪ ಸೂಚಿಸಿದ್ದೆ.

ಅಜ್ಜಿ ನನ್ನ ಕೈ ಹಿಡಿದು ತಿದ್ದಿದರು. ಬಲಮುಷ್ಟಿ ಅಂದರೆ ಶಕ್ತಿ. ಅದನ್ನು ಮುಚ್ಚುವ ಎಡ ಅಂಗೈ ಅದಕ್ಕೆ ಹಾಕಿದ ಮೂಗುದಾರ. ನೆಟ್ಟಗೆ ನಿಂತ ನಾಲ್ಕು ಬೆರಳು ಶೀಲ, ಬುದ್ಧಿ, ದೇಹ, ಸೌಂದರ್ಯ. ಹೆಬ್ಬೆರಳು ಮಾತ್ರ ಮಡಚಿರಬೇಕು, 'ನಾನೇ ದೊಡ್ಡವನು' ಅನ್ನಬಾರದು ಎಂದು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದರೆ ಜಮೀನು ಹೋಗುತ್ತದೆ, ಅಲ್ಲಿ ಮಡಚಿದರೆ ಅಹಂಕಾರ ಹೋಗುತ್ತದೆ. ನನ್ನದು ಮೊಬೈಲ್ ಒತ್ತಿ ಒತ್ತಿ ಸೆಟೆದುಕೊಂಡಿತ್ತು, ಮಡಚಲು ಒಂದು ತಿಂಗಳು ಹಿಡಿಯಿತು.

ಹೀಗೆ ಮುಷ್ಟಿ ಬಿಗಿಯುವ ಮೊದಲೇ ಮುಷ್ಟಿ ಮುಚ್ಚುವುದನ್ನು ಕಲಿಸುವ ಈ ಕಟ್ಟುಪಾಡಿಗೆ 'ವೂದ' ಎನ್ನುತ್ತಾರೆ. 'ವೂ' ಎಂದರೆ ಯುದ್ಧವಿದ್ಯೆ, 'ದ' ಎಂದರೆ ಶೀಲ. ವಿನಯ, ಗೌರವ, ನ್ಯಾಯ, ನಂಬಿಕೆ ಇವು ನಡತೆಗೆ. ಧೈರ್ಯ, ತಾಳ್ಮೆ, ಪಟ್ಟು ಬಿಡದಿರುವುದು ಇವು ಮನಸ್ಸಿಗೆ. ಪಟ್ಟಿ ಕೇಳಿದಾಗ ನನಗೆ ನೆನಪಾದದ್ದು ಪ್ರೈಮರಿ ಶಾಲೆಯ ಗೋಡೆಬರಹ. ಅದರ ಪಕ್ಕದಲ್ಲೇ ನಿಂತು ನಾವು ಹೊಡೆದಾಡುತ್ತಿದ್ದೆವು.

ಅದೇ ವಾರ ಇನ್ನೊಂದು ಎಡವಟ್ಟಾಯಿತು. ಶಾಂಘೈಗೆ ಹೋದ ಹೊಸದರಲ್ಲಿ ಕಲಿತ ಬೆರಳೆಣಿಕೆಯ ಪದಗಳಲ್ಲಿ 'ಶೀಫು' ಒಂದು. ಟ್ಯಾಕ್ಸಿಯವರನ್ನು, ನಲ್ಲಿ ರಿಪೇರಿಯವರನ್ನು ಹಾಗೆ ಕರೆಯುತ್ತಾರೆ, ನಾವು 'ಮೇಸ್ತ್ರಿ' ಅನ್ನುವ ಹಾಗೆ. ಗುರುವಿಗೂ 'ಶೀಫು' ಎಂದೇ ಅನ್ನುವುದು, ಆದರೆ ಬರೆಯುವಾಗ ಎರಡನೆಯ ಅಕ್ಷರ ಬೇರೆ. ಅದರಲ್ಲಿ 'ತಂದೆ' ಇದ್ದಾನೆ. ನಾನು ಗುಂಪಿನ ವೀಚಾಟ್‌ನಲ್ಲಿ ಭಕ್ತಿಯಿಂದ "ಶೀಫು, ನಾಳೆ ಬೆಳಿಗ್ಗೆ ಬರುತ್ತೇನೆ" ಎಂದು ಟೈಪ್ ಮಾಡಿದೆ. ಫೋನು ತನಗೆ ತೋಚಿದ ಶೀಫುವನ್ನು ಹಾಕಿತು. ಒಂದು ನಿಮಿಷದಲ್ಲಿ ಅಜ್ಜಿಯ ಉತ್ತರ ಬಂತು: "ಎಲ್ಲಿಗೆ ಹೋಗಬೇಕು?"

ಪಾರ್ಕಿನಲ್ಲಿ ದಪ್ಪನೆಯ ಕುಂಚವನ್ನು ಬಕೆಟ್ ನೀರಿನಲ್ಲಿ ಅದ್ದಿ, ಚಪ್ಪಡಿಕಲ್ಲಿನ ಮೇಲೆ ಅಕ್ಷರ ಬರೆಯುವ ತಾತಂದಿರು ಇರುತ್ತಾರೆ. ಬಿಸಿಲಿಗೆ ಮೊದಲ ಸಾಲು ಆರುವಾಗ ಅವರು ನಾಲ್ಕನೆಯ ಸಾಲಿನಲ್ಲಿರುತ್ತಾರೆ. ನಾನು ತೈಚಿಯವನು ಎಂದು ತಿಳಿದು ಒಬ್ಬರು ಪ್ರೀತಿಯಿಂದ 'ವೂ' ಅಕ್ಷರ ಬರೆದು ತೋರಿಸಿದರು. ನಮ್ಮ ರಂಗೋಲಿ ಹಾಕುವವರು ಎಳೆಯುವಷ್ಟೇ ಸಲೀಸಾಗಿ ಒಂದು ಉದ್ದನೆಯ ಓರೆಗೆರೆ ಎಳೆದು, ಕೊನೆಯಲ್ಲಿ ಕುಂಚ ಮೇಲಕ್ಕೆ ಚಿಮ್ಮಿಸಿದರು. ನೀರಿನ ಹನಿ ನನ್ನ ಶೂ ಮೇಲೆ ಬಿತ್ತು. ಆಮೇಲೆ ಕುಂಚದ ತುದಿಯಿಂದಲೇ ಬಿಡಿಸಿ ಹೇಳಿದರು. ಈ ಭಾಗ ಈಟಿ, ಕೆಳಗಿನ ಈ ಭಾಗ 'ನಿಲ್ಲಿಸು'. ಈಟಿಯನ್ನು ನಿಲ್ಲಿಸುವುದೇ ವೂ. ಕ್ರಿಸ್ತಪೂರ್ವ 597ರಲ್ಲಿ ಚೂ ರಾಜ್ಯದ ಝ್ವಾಂಗ್ ರಾಜ ಯುದ್ಧ ಗೆದ್ದಾಗ, ಶತ್ರುಗಳ ಹೆಣ ಗುಡ್ಡೆ ಹಾಕಿ ವಿಜಯದ ಗುರುತು ಮಾಡೋಣ ಎಂದರಂತೆ ಅವನ ಕಡೆಯವರು. ರಾಜ ಇದೇ ಅಕ್ಷರ ಬಿಡಿಸಿ ಹೇಳಿ, ಬೇಡ ಎಂದನಂತೆ. ನನಗೆ ಮೈ ಜುಮ್ಮೆಂದಿತು. ಎರಡೂವರೆ ಸಾವಿರ ವರ್ಷದ ಮಾತು ನನ್ನ ಶೂ ಪಕ್ಕದಲ್ಲೇ ಒದ್ದೆಯಾಗಿ ಹೊಳೆಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಕುಂಚದ ತಾತ, ರಿಟೈರಾದ ಮೇಷ್ಟ್ರಂತೆ, ತಕರಾರು ತೆಗೆದರು. ಕೆಳಗಿನ ಭಾಗ 'ನಿಲ್ಲಿಸು' ಅಲ್ಲವೇ ಅಲ್ಲ. ಹಳೆಯ ಲಿಪಿಯಲ್ಲಿ ಅದು ಪಾದದ ಚಿತ್ರ. ಈಟಿ ಹಿಡಿದು ಹೆಜ್ಜೆ ಹಾಕುವುದೇ ವೂ, ದಂಡೆತ್ತಿ ಹೋಗುವುದು. (ಲಿಪಿಶಾಸ್ತ್ರದವರೂ ಈಗ ಹೀಗೇ ಹೇಳುತ್ತಾರೆ.) ಮೊದಲನೆಯವರು ಒಪ್ಪಲಿಲ್ಲ. ಎರಡನೆಯವರು ಬಿಡಲಿಲ್ಲ. ದನಿ ಏರಿತು, ಕುಂಚಗಳು ಏರಿದವು. ಯುದ್ಧ ನಿಲ್ಲಿಸುವ ಅಕ್ಷರಕ್ಕಾಗಿ ಇಬ್ಬರೂ ಯುದ್ಧಕ್ಕೆ ನಿಂತಿದ್ದರು. ಕೆಳಗೆ ನೋಡಿದರೆ ಅಕ್ಷರ ಆರಿಹೋಗಿತ್ತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ನೀನು ಏನನ್ನುತ್ತೀಯ ಎಂದರು. ನಾನು ಬಲಮುಷ್ಟಿಗೆ ಎಡ ಅಂಗೈ ಮುಚ್ಚಿ, ಹೆಬ್ಬೆರಳು ಮಡಚಿ, ಅಲ್ಲಿಂದ ಕಾಲ್ಕಿತ್ತೆ. ಎರಡೂ ಅರ್ಥಕ್ಕೆ ನ್ಯಾಯ ಒದಗಿಸಿದ ಹಾಗಾಯಿತು.

ಪಾಠದ ವಿಷಯಕ್ಕೆ ಬಂದರೆ, ಮೊದಲ ಆರು ವಾರ ನಿಲ್ಲುವುದೇ ಪಾಠ. ಮಂಡಿ ತುಸು ಬಾಗಿಸಿ, ಮರವನ್ನು ತಬ್ಬಿದ ಹಾಗೆ ತೋಳು ಎತ್ತಿ, ಕಂಬದಂತೆ ನಿಲ್ಲಬೇಕು. ಹೋಂವರ್ಕ್ ಮಾಡದವರಿಗೆ ನಮ್ಮ ಗಣಿತದ ಮೇಷ್ಟ್ರು ಗಾಳಿಯಲ್ಲಿ ಕುರ್ಚಿ ಕೂರಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಮೂರು ನಿಮಿಷಕ್ಕೆ ತೊಡೆ ನಡುಗುತ್ತಿತ್ತು. ಅಜ್ಜಿ ಬಂದು ಭುಜದ ಮೇಲೆ ಒಂದು ಬೆರಳಿಟ್ಟು "ಸೋಂಗ್" ಎನ್ನುತ್ತಿದ್ದರು. ಸೋಗು ಹಾಕಬೇಡ ಎಂದು ಬೈಯುತ್ತಿದ್ದಾರೆ ಅಂತಲೇ ಮೊದಲ ವಾರವೆಲ್ಲ ನಂಬಿದ್ದೆ. ಸೋಂಗ್ ಎಂದರೆ ಬಿಗಿ ಬಿಡು, ಸಡಿಲಾಗು ಎಂದಂತೆ. ಯೋಚಿಸಿದರೆ ನಾನು ಅಂದುಕೊಂಡ ಅರ್ಥವೂ ಅಷ್ಟೇನೂ ದೂರವಿರಲಿಲ್ಲ.

ಕುಂಗ್‌ಫು ಯಾವಾಗ ಶುರು ಎಂದು ಒಂದು ದಿನ ಕೇಳಿಯೇಬಿಟ್ಟೆ. ಸಹೋದ್ಯೋಗಿ ಹುಡುಗಿ ನಕ್ಕಳು. ಆ ಪದದ ಮೂಲ ಅರ್ಥ ಹೊಡೆದಾಟವೇ ಅಲ್ಲವಂತೆ. ಹೊತ್ತು ಕೊಟ್ಟು, ಬೆವರು ಸುರಿಸಿ ಸಂಪಾದಿಸಿದ ಕೈಚಳಕ ಯಾವುದಾದರೂ ಕುಂಗ್‌ಫುವೇ. ಅಡುಗೆಯವನದ್ದೂ ಹೌದು, ಚಹಾ ಸೋಸುವವನದ್ದೂ ಹೌದು. ಹಾಗಿದ್ದರೆ ಚಿಬ್ಬಲು ಇಲ್ಲದೆ ಗಂಜಿ ಬಸಿಯುತ್ತಿದ್ದ ನಮ್ಮಮ್ಮ ತಿಪಟೂರಿನಲ್ಲೇ ಕುಂಗ್‌ಫು ಮಾಡುತ್ತಿದ್ದರು. ನಾನು ಅದನ್ನು ಕಲಿಯಲು ವೀಸಾ ಮಾಡಿಸಿದ್ದೆ.

ಆಮೇಲೆ 24 ಭಂಗಿಗಳ ಸರಣಿ ಬಂತು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಇಲಾಖೆ, ಯಾಂಗ್ ಮನೆತನದ ಉದ್ದನೆಯ ಸರಣಿಯನ್ನು ಮೊಟಕು ಮಾಡಿಸಿ ಜನಸಾಮಾನ್ಯರಿಗೆಂದು ಹೊರತಂದದ್ದು. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಸರ್ಕಾರಿ ಇಲಾಖೆಯೊಂದು ಏನನ್ನಾದರೂ ಚಿಕ್ಕದು ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಭಂಗಿಗಳ ಹೆಸರು ಚೆಂದ: ಕಾಡುಕುದುರೆಯ ಜೂಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಗುಬ್ಬಿಯ ಬಾಲ ಹಿಡಿಯುವುದು, ಮೋಡದ ಕೈ. ಬಾಲ್ಕನಿಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ನನ್ನಾಕೆ ಒಳಗಿಂದಲೇ, "ರೀ, ಕೊಕ್ಕರೆ ಆಯ್ತಾ? ಹಾಗೇ ಆ ಒಣಗಿದ ಬಟ್ಟೆ ತೆಕ್ಕೊಂಡು ಬನ್ನಿ" ಎನ್ನುತ್ತಿದ್ದಳು.

ಕೊನೆಗೂ 'ತ್ವೇಶೋ' ಬಂತು. ತಳ್ಳುಗೈ. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರನ್ನೊಬ್ಬರು ಅಲುಗಿಸುವುದು. ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ಭಾರವನ್ನು ಪಕ್ಕಕ್ಕೆ ಸರಿಸುವುದೇ ಈ ವಿದ್ಯೆಯ ಜೀವ ಎನ್ನುತ್ತಾರೆ. ಈಗಿನ ಅಳತೆಯಲ್ಲಿ ಒಂದು ಜಿನ್ ಅಂದರೆ ಅರ್ಧ ಕೆಜಿ, ನಾಲ್ಕು ಲಿಯಾಂಗ್ ಅಂದರೆ 200 ಗ್ರಾಂ. ನಾನು 176 ಜಿನ್. ಸಾವಿರ ಆಗಬೇಕಾದರೆ ನನ್ನಂಥವರು ಐದೂವರೆ ಮಂದಿಗಿಂತ ಹೆಚ್ಚು ಬೇಕು. ಹಾಗಾಗಿ ಅಜ್ಜಿಗೆ ನನ್ನ ಮಟ್ಟಿಗೆ ಹಿಡಿ ಹುರಿಗಡಲೆಯಷ್ಟು ಬಲ ಸಾಕಾಗಿತ್ತು. ನಾನು ತಳ್ಳಿದ ಕಡೆ ಅವರು ಇರುತ್ತಿರಲಿಲ್ಲ. ಬಾಗಿಲು ಹಾಕಿದೆ ಎಂದುಕೊಂಡು ಭುಜ ಕೊಟ್ಟು ನುಗ್ಗಿದಾಗ ಅದು ತೆರೆದೇ ಇದ್ದರೆ ಹೇಗಾಗುತ್ತದೆ? ಹಾಗೆ ಹನ್ನೊಂದು ಸಲ. ಪ್ರತಿ ಸಲ ಬಿದ್ದಾಗಲೂ ಎದ್ದು "ಶಿಯೆಶಿಯೆ", ಅಂದರೆ ಥ್ಯಾಂಕ್ಸ್, ಅನ್ನಬೇಕು. ಅದು ನಮ್ಮ ಗುಂಪಿನ ನಿಯಮ.

ಸೋಲಿಲ್ಲದ ಯಾಂಗ್ ಅಂಗೈ ಮೇಲೆ ಗುಬ್ಬಿ ಕೂರಿಸಿಕೊಳ್ಳುತ್ತಿದ್ದನಂತೆ. ಹಾರಲು ಅದು ಕಾಲೂರಿ ಚಿಮ್ಮಿದಾಗಲೆಲ್ಲ ಅಂಗೈಯನ್ನು ಅಷ್ಟೇ ಕೆಳಗಿಳಿಸುತ್ತಿದ್ದನಂತೆ. ಒತ್ತಲು ಆಸರೆಯೇ ಸಿಗದೆ ಗುಬ್ಬಿಗೆ ಹಾರಲಾಗುತ್ತಿರಲಿಲ್ಲವಂತೆ. ಕತೆ ಇರಬಹುದು. ನಾನು ರಾತ್ರಿ ಮನೆಯಲ್ಲಿ ಸೊಳ್ಳೆಯ ಮೇಲೆ ಪ್ರಯತ್ನಿಸಿದೆ. ಅದು ಊಟ ಮುಗಿಸಿಕೊಂಡೇ ಹಾರಿತು.

ಬೇಸರ ತೋಡಿಕೊಂಡಾಗ ಅಜ್ಜಿ ಹೇಳಿದ್ದು ಎರಡೇ ಪದ: "ಚೀ ಕ್ವೇ." ನಷ್ಟ ತಿನ್ನು. ಚೀನೀಯರು ಕಷ್ಟವನ್ನೂ ತಿನ್ನುತ್ತಾರೆ, ನಷ್ಟವನ್ನೂ ತಿನ್ನುತ್ತಾರೆ, ಹೊಟ್ಟೆಕಿಚ್ಚಾದರೆ ವಿನೆಗರ್ ತಿನ್ನುತ್ತಾರೆ. ಕನ್ನಡದವರೂ ಕಡಿಮೆಯಿಲ್ಲ. ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಪಕ್ಕದವರ ತಲೆ ತಿನ್ನುತ್ತೇವೆ. ನಷ್ಟವನ್ನು ಮಾತ್ರ ತಿನ್ನುವುದಿಲ್ಲ, ಅನುಭವಿಸುತ್ತೇವೆ. 1964ರಲ್ಲಿ ನ್ಯೂಯಾರ್ಕಿಗೆ ಹೋಗಿ ತೈಚಿ ಕಲಿಸಿದ ಚೆಂಗ್ ಮಾನ್‌ಚಿಂಗ್ ಇದನ್ನೇ ಅಮೆರಿಕನ್ನರಿಗೆ ಅರ್ಥವಾಗುವ ಹಾಗೆ, ನಷ್ಟದಲ್ಲಿ ಬಂಡವಾಳ ಹೂಡುವುದು ಎಂದು ಹೇಳಿಕೊಟ್ಟರು. ಸೋಲುವುದಕ್ಕೆ ಹೆದರದೆ ಮೈ ಒಡ್ಡಿದವನಿಗೆ ಮಾತ್ರ ಎದುರಿನವನ ಬಲ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ ಎಂಬುದು ತಿರುಳು. ನಾನು ಬೆಂಗಳೂರಿನ ಹೊರವಲಯದಲ್ಲಿ ಖಾತೆಯಿಲ್ಲದ ರೆವಿನ್ಯೂ ಸೈಟು ಕೊಂಡವನು. ನಷ್ಟದಲ್ಲಿ ಬಂಡವಾಳ ಹೂಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎದುರಿನವನ ಬಲ ಎಲ್ಲಿಂದ ಬರುತ್ತದೆಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಆಫೀಸಿನ ಹುಡುಗರು ನನ್ನ ಉತ್ಸಾಹ ನೋಡಿ ಒಂದು ವಿಡಿಯೋ ತೋರಿಸಿದರು. 2020ರ ಮೇ ತಿಂಗಳಲ್ಲಿ ಮಾ ಬಾವೋಗ್ವೋ ಎಂಬ ತೈಚಿ ಗುರು ಬಾಕ್ಸಿಂಗ್ ಕಲಿತವನೊಬ್ಬನ ಎದುರು ರಿಂಗಿಗಿಳಿದು, ಸುಮಾರು ಅರ್ಧ ನಿಮಿಷದಲ್ಲಿ ಮೂರು ಸಲ ಬಿದ್ದರು. ಯುವಕರಿಗೆ 'ವೂದ' ಇಲ್ಲ ಎಂದು ಅವರು ಇನ್ನೊಂದು ವಿಡಿಯೋದಲ್ಲಿ ದೂರಿದ್ದು ಆ ವರ್ಷದ ಕೊನೆಯ ಹೊತ್ತಿಗೆ ಚೀನಾದ ತುಂಬೆಲ್ಲ ನಗೆಮಾತಾಯಿತು. ಸೀಟು ಹಿಡಿದರೂ ವೂದ ಇಲ್ಲ, ಕೊನೆಯ ಬಿಸ್ಕತ್ತು ತಿಂದರೂ ವೂದ ಇಲ್ಲ. ಹೊಡೆದಾಟದಲ್ಲಿ ಈ ವಿದ್ಯೆ ಕೆಲಸಕ್ಕೆ ಬರುತ್ತದೆಯೇ ಎಂಬ ನನ್ನ ಅನುಮಾನ ಬಲವಾಯಿತು. ಮರುದಿನ ವಿಡಿಯೋವನ್ನು ಅಜ್ಜಿಗೆ ತೋರಿಸಿದೆ. ಅವರು ಪೂರ್ತಿ ನೋಡಿ, ಕನ್ನಡಕ ತೆಗೆದು, "ಅಲ್ಲಿಗೆ ಯಾಕೆ ಹೋದರಂತೆ?" ಎಂದರು.

ಆದರೂ ಪ್ರಯೋಗ ಮಾಡದೆ ಬಿಡುವ ಜೀವವಲ್ಲ ನನ್ನದು. ಪೀಪಲ್ಸ್ ಸ್ಕ್ವೇರ್ ಮೆಟ್ರೋ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟೂವರೆಗೆ 2ನೇ ಲೈನಿನ ರೈಲು ಹತ್ತಿದೆ. ಇಳಿಯಬೇಕಾದದ್ದು ಝಾಂಗ್‌ಜಿಯಾಂಗ್ ಹೈಟೆಕ್ ಪಾರ್ಕಿನಲ್ಲಿ. ಸೆಂಚುರಿ ಅವೆನ್ಯೂ ಬಂತು. ಅಲ್ಲಿ ನಾಲ್ಕು ಲೈನುಗಳು ಕೂಡುತ್ತವೆ, ರೈಲಿನ ಅರ್ಧ ಜನ ಅಲ್ಲೇ ಇಳಿಯುತ್ತಾರೆ. ಎಂದಿನಂತೆ ಕಂಬ ಹಿಡಿದು ನಿಲ್ಲುವ ಬದಲು ಅವತ್ತು ನಾನು ಸೋಂಗ್ ಆದೆ. ಬಂದ ಬಲಕ್ಕೆ ಅಡ್ಡ ನಿಲ್ಲಬೇಡ, ಅದರ ಜೊತೆ ಹೋಗು. ಹೋದೆ. ಬಾಗಿಲು ದಾಟಿದೆ, ಎಸ್ಕಲೇಟರ್ ಏರಿದೆ. ಯಾರನ್ನೂ ತಳ್ಳಲಿಲ್ಲ, ಯಾರ ಮೇಲೂ ರೇಗಲಿಲ್ಲ, ಮನಸ್ಸು ಕೊಳದ ನೀರಿನಂತಿತ್ತು. ಕಣ್ಣು ಬಿಟ್ಟಾಗ 6ನೇ ಲೈನಿನ ರೈಲಿನಲ್ಲಿದ್ದೆ.

ಇದನ್ನು ಹೇಳಿದಾಗ ಅಜ್ಜಿ ನಗಲಿಲ್ಲ. ಎದುರು ನಿಂತು ತಡೆಯುವುದು ಒಂದು ತಪ್ಪು, ಸಂಪರ್ಕದ ಎಳೆ ಕೈಬಿಡುವುದು ಇನ್ನೊಂದು ತಪ್ಪು. ನೀನು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಬಂದಿದ್ದೀಯ ಎಂದರು. ನಾನು ಅದನ್ನು ಪ್ರಗತಿ ಎಂದೇ ತಿಳಿದೆ.

ಎರಡು ವರ್ಷ ಮುಗಿದು ಹೊರಡುವಾಗ ಗುಂಪಿನವರು ಒಂದು ಹೋಟೆಲಿನಲ್ಲಿ ಊಟ ಇಟ್ಟುಕೊಂಡರು. ದುಂಡನೆಯ ಮೇಜು, ನಡುವೆ ತಿರುಗುವ ಗಾಜಿನ ತಟ್ಟೆ. ಹುಟ್ಟಾ ಸಸ್ಯಾಹಾರಿಯಾದ ನನಗೆ ತೋಫು, ಸೊಪ್ಪು. ಉಳಿದವರಿಗೆ ಬಗೆಬಗೆಯದು. ಕೊನೆಗೆ ಬಂದದ್ದು ಸೂಝೌ ಕಡೆಯ ಹೆಸರುವಾಸಿ ಅಳಿಲು ಮೀನು. ಅದರಲ್ಲಿ ಅಳಿಲೇನೂ ಇಲ್ಲ. ಮೀನಿನ ಮೈಗೆ ಅಡ್ಡಡ್ಡ ಉದ್ದುದ್ದ ಕೊಯ್ದು ಕರಿದಾಗ ಅದು ರೋಮ ನಿಮಿರಿಸಿದ ಅಳಿಲಿನ ಹಾಗೆ ಬಾಲ ಎತ್ತಿ ಕೂರುತ್ತದೆ. ಮೇಲೆ ಕಿತ್ತಳೆ ಬಣ್ಣದ ಸಿಹಿಹುಳಿ ಗೊಜ್ಜು ಸುರಿದಾಗ ಚುರ್ರೆನ್ನುತ್ತದೆ.

ಬಿಲ್ಲು ನಾನೇ ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ನಮ್ಮಲ್ಲೂ ಹೋಟೆಲ್ ಕೌಂಟರಿನ ಮುಂದೆ "ನೀವ್ ಸುಮ್ನಿರಿ, ನಾನ್ ಕೊಡ್ತೀನಿ" ಉಂಟು. ಆದರೆ ಅದು ಪರ್ಸನ್ನು ಎಷ್ಟು ನಿಧಾನಕ್ಕೆ ತೆಗೆಯಬಹುದು ಎಂಬ ಕಲೆ. ಶಾಂಘೈಯಲ್ಲಿ ಅದು ನಿಜವಾದ ಕಾಳಗ. ನಾನು ಕ್ಯೂಆರ್ ಕೋಡಿಗೆ ಫೋನು ಹಿಡಿಯುತ್ತಿದ್ದಂತೆಯೇ ಕೆಂಪು ಜಾಕೆಟ್ಟಿನ ಆಂಟಿಯೊಬ್ಬರು ನನ್ನ ಮಣಿಕಟ್ಟು ಹಿಡಿದರು. ನಾನು ಎಳೆದೆ. ಅವರು ಎಳೆದರು. ಎರಡು ವರ್ಷ ವಿನಯ, ತಾಳ್ಮೆ ಕಲಿತ ಇಪ್ಪತ್ತು ಜನ ಕುರ್ಚಿ ತಳ್ಳಿ ಎದ್ದರು. ಎಲ್ಲರ ಕೈಯಲ್ಲೂ ಫೋನು. ಆಂಟಿ ಮೈಭಾರವನ್ನೆಲ್ಲ ಹಾಕಿ ಒಂದು ಸಲ ಜಗ್ಗಿದರು.

ಆ ಗಳಿಗೆಯಲ್ಲಿ, ನನ್ನ ಜೀವಮಾನದಲ್ಲಿ ಮೊದಲ ಸಲ, ತಾನಾಗಿಯೇ ಸರಿಯಾದದ್ದು ಆಯಿತು. ನಾನು ತಡೆಯಲಿಲ್ಲ. ಕೈಯನ್ನೂ ಬಿಡಲಿಲ್ಲ. ಅವರ ಬಲದ ಜೊತೆಗೇ ಹೋದೆ. ಒತ್ತಲು ಆಸರೆ ಸಿಗದೆ ಆಂಟಿ ಹಿಂದಕ್ಕೆ ವಾಲಿದರು, ಅವರ ಮೊಣಕೈ ಗಾಜಿನ ತಟ್ಟೆಗೆ ಬಡಿಯಿತು, ತಟ್ಟೆ ರಂಗುರಾಟೆಯ ಹಾಗೆ ಗಿರ್ರನೆ ತಿರುಗಿತು, ಅಳಿಲು ಮೀನು ಬಾಲ ಎತ್ತಿಕೊಂಡೇ ಹಾರಿ ಬಂದು ನನ್ನ ತೊಡೆಯ ಮೇಲೆ ಕೂತಿತು.

ಅದರ ಹಿಂದೆಯೇ ಕುದಿಯುವ ಸೂಪಿನ ದೊಡ್ಡ ಬೋಗುಣಿ ಬರುತ್ತಿತ್ತು. ಎಲ್ಲರೂ ಕೂಗಿದರು. ಅಜ್ಜಿ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ತೋರುಬೆರಳೊಂದನ್ನು ಗಾಜಿನ ಅಂಚಿಗೆ ತಾಗಿಸಿದರು. ತಡೆಯಲಿಲ್ಲ. ತಟ್ಟೆ ತಿರುಗಿದಂತೆ ಬೆರಳೂ ಅದರ ಜೊತೆ ಅರ್ಧ ಸುತ್ತು ಹೋಯಿತು, ನಿಧಾನವಾಯಿತು, ನಿಂತಿತು. ಸೂಪು ಬೋಗುಣಿಯ ಅಂಚಿನವರೆಗೆ ಏರಿ ಇಳಿಯಿತು. ಒಂದು ಹನಿ ಚೆಲ್ಲಲಿಲ್ಲ. ಅಜ್ಜಿ ಬೆರಳು ಒರೆಸಿಕೊಂಡು ನನ್ನ ಕಡೆ ನೋಡಿ, "ಇವತ್ತು ಚೆನ್ನಾಗಿ ಮಾಡಿದೆ. ಯಾಕೆ ಮಾಡಿದೆ?" ಎಂದರು. ಸಹೋದ್ಯೋಗಿ ಹುಡುಗಿ ನಗು ತಡೆಯಲಾರದೆ ಮೇಜಿನ ಕೆಳಗೆ ಹೋಗಿದ್ದಳು. ಅಲ್ಲಿಂದಲೇ "ವೂದ ಇಲ್ಲ! ವೂದ ಇಲ್ಲ!" ಎಂದು ಕೇಳಿಸುತ್ತಿತ್ತು.

ಗಲಾಟೆ ಆರಿದ ಮೇಲೆ ಬಿಲ್ಲು ಕೇಳಿದೆವು. ಕೊಟ್ಟಾಗಿದೆ ಎಂದಳು ಹೋಟೆಲಿನವಳು. ಕೊಟ್ಟವರು ಯಾರೆಂದರೆ, ಮೊದಲ ದಿನ ನನ್ನ ನಮಸ್ಕಾರಕ್ಕೆ ಟೋಪಿ ತೆಗೆದಿದ್ದ ತಾತ. ಎರಡು ವರ್ಷದಲ್ಲಿ ಅವರು ನನ್ನ ಜೊತೆ ನಾಲ್ಕು 'ನೀ ಹಾವ್' (ನಮಸ್ಕಾರ) ಬಿಟ್ಟರೆ ಬೇರೆ ಮಾತಾಡಿರಲಿಲ್ಲ, ತಳ್ಳುಗೈಯಲ್ಲಿ ಯಾರನ್ನೂ ಕೆಡವಿದ್ದನ್ನು ನಾನು ನೋಡಿರಲಿಲ್ಲ. ಮೀನು ಬರುವ ಮೊದಲೇ ಕೈ ತೊಳೆದು ಬರುತ್ತೇನೆಂದು ಎದ್ದು ಹೋಗಿದ್ದರು. ಈಗ ಏನೂ ಗೊತ್ತಿಲ್ಲದವರ ಹಾಗೆ ಕಡಲೆಬೀಜವನ್ನು ಒಂದೊಂದಾಗಿ ಚಾಪ್‌ಸ್ಟಿಕ್ಕಿನಿಂದ ಎತ್ತಿ ತಿನ್ನುತ್ತಿದ್ದರು.

ಪ್ಯಾಂಟಿನ ಕಿತ್ತಳೆ ಕಲೆ ಬೆಂಗಳೂರಿಗೆ ಬಂದ ಮೇಲೂ ಹೋಗಲಿಲ್ಲ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ ಎರಡು ಮಾತು. ಮುಷ್ಟಿ ಬಲಗೈಯದು, ಮುಚ್ಚುವುದು ಎಡಗೈ, ಹೆಬ್ಬೆರಳು ಮಡಚಿರಲಿ. ಊಟದ ಬಿಲ್ಲು ಕೊಡುವ ಮನಸ್ಸಿದ್ದರೆ ಮೀನು ಬರುವ ಮೊದಲೇ ಕೈ ತೊಳೆಯಲು ಎದ್ದು ಹೋಗಿ.